ಬುಲೆಟ್‌ಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದೆ: ಮೀಟರ್ ಲೀನ್ ಅನ್ನುತ್ತದೆ, ಪ್ಲಗ್ ರಿಚ್ ಅನ್ನುತ್ತದೆ

ನೀರ್ಚಾಲು 350 (ಶನಿವಾರ ರಾತ್ರಿ 9.40)

ಸ್ವಲ್ಪ ಉದ್ದ ಉಂಟು, ಪುರುಸೊತ್ತು ಇದ್ದವರು ಓದಿ.

ನನ್ನದು 2014ರ 350 ಬುಲೆಟ್. ಕಾರ್ಬುರೇಟರ್ ಗಾಡಿ. ಸೈಲೆನ್ಸರ್ ಕಂಪನಿಯದ್ದೇ, ಏರ್ ಫಿಲ್ಟರೂ ಕಂಪನಿಯದ್ದೇ. ಹೋದ ವರ್ಷದಿಂದ ಒಂದು ರೋಗ ಹಿಡಿದಿದೆ. ನಮ್ಮ ಕಾಸರಗೋಡಿನ ಪೆರ್ಲದಿಂದ ಬದಿಯಡ್ಕಕ್ಕೆ ಬರುವಾಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಸೈಲೆನ್ಸರ್‌ನಲ್ಲಿ ಪಟ್ ಪಟಾರ್. ದಾರಿ ಬದಿಯ ನಾಯಿಗಳಿಗೆಲ್ಲ ನನ್ನ ಗುರುತು ಸಿಕ್ಕಿದೆ. ಎಂಜಿನ್ ಬಿಸಿಯೂ ಜಾಸ್ತಿ ಅನ್ನಿಸುತ್ತದೆ. ಇ20 (ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆತ) ಪೆಟ್ರೋಲ್ ಬಂದು ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗಿದೆ, ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹೋಗುವ ತೂತು) ದೊಡ್ಡದು ಮಾಡಿ ಅಂತ ನಾಲ್ಕು ಜನ ಹೇಳಿದರು. ಮಾಡಿದೆ. ಫುಲ್ ಥ್ರಾಟಲ್‌ಗೆ ಬೇಕಾದ ಮೈನ್ ಜೆಟ್ ಎರಡು ಸೈಜ್ ಮೇಲೆ, ಐಡ್ಲಿಂಗ್‌ಗೆ ಬೇಕಾದ ಪೈಲಟ್ ಒಂದು ಸೈಜ್ ಮೇಲೆ. ಪಟಾಕಿ ನಿಲ್ಲಲಿಲ್ಲ. ಮೈಲೇಜ್ ಮಾತ್ರ 35ರಿಂದ 28ಕ್ಕೆ ಇಳಿಯಿತು.

ಕಣ್ಣು ಮುಚ್ಚಿ ಜೆಟ್ ಬದಲಿಸುವುದು ಸಾಕು ಅಂತ, ಹೊಗೆ ನೋಡಿ ಗಾಳಿ ಪೆಟ್ರೋಲಿನ ಲೆಕ್ಕ ಹೇಳುವ ವೈಡ್‌ಬ್ಯಾಂಡ್ ಕಿಟ್ ತರಿಸಿದೆ. ಮೀಟರ್, ಎಲ್‌ಎಸ್‌ಯು 4.9 ಸೆನ್ಸರ್, ವೈರಿಂಗ್ ಎಲ್ಲ ಸೇರಿ ಹದಿನೆಂಟು ಸಾವಿರ ಚಿಲ್ಲರೆ. ಮನೆಯಲ್ಲಿ ಆರು ಸಾವಿರ ಅಂತ ಹೇಳಿದ್ದೇನೆ, ಯಾರೂ ಬಾಯಿ ಬಿಡಬೇಡಿ. ಕುಂಬಳೆಯಲ್ಲಿ ಲೇತ್‌ನವರ ಹತ್ತಿರ ಎಂ18, 1.5 ಪಿಚ್ ನಟ್ ಮಾಡಿಸಿ, ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪ್‌ಗೆ ವೆಲ್ಡ್ ಹೊಡೆಸಿದೆ. ಸೆನ್ಸರ್ ಸ್ವಲ್ಪ ಮೇಲ್ಮುಖವಾಗಿಯೇ ಕೂತಿದೆ.

ಈಗ ಮೀಟರ್ ಹೇಳುವುದು ಇಷ್ಟು (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನುವ ಲೆಕ್ಕ, ಸರಿಯಾದ ಹದ 14.7): ಐಡ್ಲಿಂಗ್‌ನಲ್ಲಿ 17ರಿಂದ 17.4. ನಲವತ್ತು ಐವತ್ತರ ಸ್ಪೀಡಿನಲ್ಲಿ 15.8 ಹತ್ತಿರ. ಫುಲ್ ಥ್ರಾಟಲ್ ಕೊಟ್ಟರೆ 11.9.

ಪ್ಲಗ್ ಬಿಚ್ಚಿದರೆ ದೀಪದ ಕುಡಿಯ ಹಾಗೆ ಕಪ್ಪು ಮಸಿ. 17 ಅಂದರೆ ಪೆಟ್ರೋಲ್ ಕಡಿಮೆ, ಪ್ಲಗ್ ಬಿಳಿ ಇರಬೇಕಲ್ಲ? ಪೈಲಟ್ ಇನ್ನೂ ಒಂದು ಸೈಜ್ ಮೇಲೆ ಹೋಗಲಾ?

ಹೊಸಂಗಡಿ ಗ್ಯಾರೇಜ್ (9.58)

ಹದಿನೆಂಟು ಸಾವಿರಕ್ಕೆ ಪ್ಲಗ್ ಎಷ್ಟು ಡಜನ್ ಬರುತ್ತಿತ್ತು ಲೆಕ್ಕ ಹಾಕಿದ್ದೀರಾ? ಪ್ಲಗ್ ಕಪ್ಪು ಅಂದರೆ ರಿಚ್, ಪೆಟ್ರೋಲ್ ಜಾಸ್ತಿ. ಮುಗಿಯಿತು. ಮೂವತ್ತು ವರ್ಷ ಪ್ಲಗ್ ನೋಡಿಯೇ ಗಾಡಿ ಓಡಿಸಿದ್ದೇವೆ.

ಕೆಎಲ್14 ಹುಡುಗ (10.02)

ಮೀಟರ್ 17 ಅಂದರೆ ಲೀನ್. ಪೈಲಟ್ ಮೇಲೆ ಹೋಗಿ. ಮಿಕ್ಸ್ಚರ್ ಸ್ಕ್ರೂ ಒಳಗೆ ತಿರುಗಿಸಿದರೂ ರಿಚ್ ಆಗುತ್ತದೆ, ಅದನ್ನು ಮೊದಲು ಮಾಡಿ ನೋಡಿ.

ಪೆರ್ಲ ಭಾವ (10.10)

ತಡೆಯಿರಿ ಮಾರಾಯ್ರೆ, ಸ್ಕ್ರೂ ಒಳಗೆ ತಿರುಗಿಸಿದರೆ ರಿಚ್ ಅಂತ ಎಲ್ಲ ಕಾರ್ಬುರೇಟರಿಗೂ ಹೇಳಬೇಡಿ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ. ಒಳಗೆ ಹೋದರೆ ಗಾಳಿ ಕಡಿಮೆ, ಆಗ ರಿಚ್. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಸ್ಕ್ರೂ, ಒಳಗೆ ಹೋದರೆ ಲೀನ್. ಇವರ ಗಾಡಿಯದ್ದು ಎಂಜಿನ್ ಕಡೆ. ನೀವು ಹೇಳಿದ ಹಾಗೆ ಮಾಡಿದರೆ ಉಲ್ಟಾ ಆಗುತ್ತದೆ.

ಕೆಎಲ್14 ಹುಡುಗ (10.13)

ನನ್ನದು ಯಮಹಾ ಆರ್‌ಎಕ್ಸ್. ಅದರ ಅಭ್ಯಾಸದಲ್ಲಿ ಹೇಳಿದೆ. ಸಾರಿ.

ಬಾಯಾರು ಮೇಷ್ಟ್ರು (10.41)

ನೀರ್ಚಾಲಿನವರೇ, ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಆ ಸೆನ್ಸರ್‌ಗೆ ಪೆಟ್ರೋಲ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆಮ್ಲಜನಕ ಮಾತ್ರ. ಸೈಲೆನ್ಸರ್‌ಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಅದು ಲೀನ್ ಅಂತ ಹೇಳುತ್ತದೆ. ಆ ಆಮ್ಲಜನಕ ಎಲ್ಲಿಂದ ಬಂತು ಅನ್ನುವುದು ಅದರ ತಲೆಗೆ ಹೋಗುವ ವಿಷಯ ಅಲ್ಲ. ಎಂಜಿನ್‌ನಲ್ಲಿ ಉರಿಯದೆ ಉಳಿದದ್ದಾ, ಬೆಂಡ್ ಪೈಪಿನ ಜಾಯಿಂಟ್‌ನಲ್ಲಿ ಲೀಕ್ ಆಗಿ ಒಳಗೆ ನುಗ್ಗಿದ್ದಾ, ಮಿಸ್ಸಿಂಗ್ ಆಗಿ ಹಾಗೆಯೇ ಹೊರಬಿದ್ದದ್ದಾ, ಎಲ್ಲ ಅದಕ್ಕೆ ಒಂದೇ. ರಿಚ್ ಆಗಿ ಮಿಸ್ಸಿಂಗ್ ಆದರೂ ಮೀಟರ್ ಲೀನ್ ತೋರಿಸಬಹುದು, ಯಾಕೆಂದರೆ ಉರಿಯಲೇ ಇಲ್ಲ, ಗಾಳಿ ಖರ್ಚಾಗಲಿಲ್ಲ.

ಹಾಗಾಗಿ ಹೊಸಂಗಡಿಯವರ ಪ್ಲಗ್ ಸುಳ್ಳು ಹೇಳುತ್ತಿಲ್ಲ, ನಿಮ್ಮ ಮೀಟರೂ ಸುಳ್ಳು ಹೇಳುತ್ತಿಲ್ಲ. ಪ್ಲಗ್ ನೋಡುವುದು ಸಿಲಿಂಡರ್ ಒಳಗಿನದ್ದು. ಸೆನ್ಸರ್ ನೋಡುವುದು ಪೈಪಿನದ್ದು. ನಡುವೆ ಎಲ್ಲೋ ಗಾಳಿ ಸೇರುತ್ತಿದೆ.

ಕೆಎಲ್14 ಹುಡುಗ (10.47)

ಮೇಷ್ಟ್ರೆ, ಈ ವೈಡ್‌ಬ್ಯಾಂಡ್‌ಗೂ ಕಾರಿನಲ್ಲಿ ಬರುವ ಸಾಮಾನ್ಯ ಒ2 ಸೆನ್ಸರ್‌ಗೂ ಎಂತ ವ್ಯತ್ಯಾಸ? ಅದು ಎರಡು ಸಾವಿರಕ್ಕೆ ಸಿಗುತ್ತದೆ.

ಬಾಯಾರು ಮೇಷ್ಟ್ರು (11.15)

ಸಾಮಾನ್ಯದ್ದು ಕವಲುದಾರಿಯಲ್ಲಿ ನಿಂತ ಮನುಷ್ಯ. ಆಚೆಯಾ ಈಚೆಯಾ ಅಷ್ಟೇ ಹೇಳುತ್ತಾನೆ. ಲ್ಯಾಂಬ್ಡಾ 1, ಅಂದರೆ ಗಾಳಿ ಪೆಟ್ರೋಲ್ ಸರಿಯಾದ ಹದ, ಅದರ ಆಸುಪಾಸಿನಲ್ಲಿ 0.1 ವೋಲ್ಟ್‌ನಿಂದ 0.9 ವೋಲ್ಟ್‌ಗೆ ಒಮ್ಮೆಗೇ ಜಿಗಿಯುತ್ತದೆ, ನಡು 0.45. ರಿಚ್ ಅಂತ ಗೊತ್ತಾಗುತ್ತದೆ, ಎಷ್ಟು ರಿಚ್ ಅಂತ ಗೊತ್ತಾಗುವುದಿಲ್ಲ. 1976ರಲ್ಲಿ ವೋಲ್ವೋ ಕಾರಿನಲ್ಲಿ ಬಾಶ್‌ನವರು ಮೊದಲು ಕೊಟ್ಟದ್ದು ಈ ಜಾತಿಯದ್ದೇ. ಹೊಗೆ ಶುದ್ಧ ಮಾಡಲಿಕ್ಕೆ ಅದು ಸಾಕು, ಟ್ಯೂನಿಂಗಿಗೆ ಸಾಲದು.

ವೈಡ್‌ಬ್ಯಾಂಡ್ ಹೇಗೆ ಅಂದರೆ, ನಮ್ಮಲ್ಲಿ ನೀರಿಗೆ ಅಂತ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಯಲ್ಲಿ ಒಂದು ಸಣ್ಣ ಟಾಂಕಿ ಇರುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ. ಟಾಂಕಿಯಲ್ಲಿ ಒಂದು ಗುರುತು. ನೀರು ಯಾವಾಗಲೂ ಅಲ್ಲೇ ನಿಲ್ಲಬೇಕು. ಸುರಂಗದಿಂದ ಜಾಸ್ತಿ ಬಂದರೆ ಪಂಪ್ ಹಾಕಿ ಹೊರಗೆ ಚೆಲ್ಲುತ್ತೀರಿ. ಕಡಿಮೆ ಆದರೆ ಬಾವಿಯಿಂದ ತಂದು ಹೊಯ್ಯುತ್ತೀರಿ. ಟಾಂಕಿ ನೋಡಿದವನಿಗೆ ನೀರು ಯಾವಾಗಲೂ ಒಂದೇ ಮಟ್ಟ. ಆದರೆ ಪಂಪಿನ ಕರೆಂಟ್ ನೋಡಿದವನಿಗೆ ಸುರಂಗದಲ್ಲಿ ಎಷ್ಟು ನೀರುಂಟು ಅಂತ ಲೆಕ್ಕ ಸಿಗುತ್ತದೆ. ಸೆನ್ಸರ್ ಒಳಗೆ ಹಾಗೆಯೇ ಕೂದಲೆಳೆಯಷ್ಟು ಸಂದು ಉಂಟು. ಒಂದು ಸೆಲ್ ಮಟ್ಟ ನೋಡುತ್ತದೆ, ಇನ್ನೊಂದು ಸೆಲ್ ಆಮ್ಲಜನಕವನ್ನು ಒಳಗೆ ಹೊರಗೆ ಪಂಪ್ ಮಾಡುತ್ತದೆ. ಕಂಟ್ರೋಲರ್ ಆ ಪಂಪಿನ ಕರೆಂಟ್ ಅಳೆದು ಮೀಟರ್‌ಗೆ ಕೊಡುತ್ತದೆ. ಮಟ್ಟ ನೋಡುವ ಸೆಲ್‌ಗೆ ನರ್ನ್‌ಸ್ಟ್ ಸೆಲ್ ಅಂತ ಹೆಸರು. ಆ ಪುಣ್ಯಾತ್ಮನಿಗೆ 1920ರ ರಸಾಯನಶಾಸ್ತ್ರದ ನೊಬೆಲ್ ಬಂದಿದೆ.

ಅಡೂರು ಅಕ್ಕ (11.31)

ಸುರಂಗದ ಉದಾಹರಣೆ ಚಂದ ಉಂಟು ಮೇಷ್ಟ್ರೆ, ಸೋಮವಾರ ಕ್ಲಾಸಿನಲ್ಲಿ ಕದಿಯುತ್ತೇನೆ. ನಾನು ಇನ್‌ಸ್ಟ್ರುಮೆಂಟೇಶನ್ ಪಾಠ ಮಾಡುವವಳು. ಒಂದು ಸೇರಿಸುತ್ತೇನೆ. ಆ ಸೆಲ್ ಕೆಲಸ ಮಾಡಬೇಕಾದರೆ ಕೆಂಪಗೆ ಕಾಯಬೇಕು. 4.9ರಲ್ಲಿ 780 ಡಿಗ್ರಿ ಆಸುಪಾಸು. ಅದಕ್ಕೇ ಒಳಗೆ ಹೀಟರ್. ಹೀಟರ್ ಕರೆಂಟ್ ಇಲ್ಲದೆ ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಗಾಡಿ ಓಡಿಸಿದರೆ ಮಸಿ ಕೂತು ಹಾಳಾಗುತ್ತದೆ. ಕಾದ ಸೆನ್ಸರ್‌ಗೆ ಒಂದು ಹನಿ ನೀರು ತಾಗಿದರೆ ಪಿಂಗಾಣಿ ಟಪ್ ಅಂತ ಬಿರುಕು ಬಿಡುತ್ತದೆ. ಅಡ್ಡಡ್ಡ ಇಡದೆ ಕನಿಷ್ಠ 10 ಡಿಗ್ರಿ ಮೇಲ್ಮುಖ ಇಡಿ ಅನ್ನುವುದು ಅದಕ್ಕೇ, ಪೈಪಿನಲ್ಲಿ ಬೆವರಿದ ನೀರು ಅಲ್ಲಿ ನಿಲ್ಲಬಾರದು.

ಆ ಪಿಂಗಾಣಿ ಜಿರ್ಕೋನಿಯಾ. ಚವರದ ಕಡಲ ಮರಳಿನಲ್ಲಿ ಸಿಗುವ ಜಿರ್ಕಾನ್ ಉಂಟಲ್ಲ, ಅದರ ಬಂಧು.

ಉಪ್ಪಳ ಟೂ ಸ್ಟ್ರೋಕ್ (11.36)

ಹಾಗಾದರೆ ಆರ್‌ಎಕ್ಸ್ 100ಕ್ಕೆ ಹಾಕಬಹುದಾ? ನನ್ನ ಹತ್ತಿರ 1994ರದ್ದು ಉಂಟು.

ಪೆರ್ಲ ಭಾವ (11.40)

ಹಾಕಬಹುದು, ಸೆನ್ಸರ್ ಕಂಪನಿಯಲ್ಲಿ ನಿಮ್ಮ ಮಾವ ಇದ್ದರೆ. ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಉರಿದ ಹೊಗೆಗೆ ಅದು ಬೇಗ ಸಾಯುತ್ತದೆ. ಮತ್ತೆ ಟೂ ಸ್ಟ್ರೋಕ್‌ನಲ್ಲಿ ಹೊಸ ಗಾಳಿ ಪೆಟ್ರೋಲ್ ಸ್ವಲ್ಪ ಉರಿಯದೆಯೇ ಸೀದಾ ಸೈಲೆನ್ಸರ್‌ಗೆ ಹೋಗುತ್ತದೆ. ಆ ಗಾಳಿ ನೋಡಿ ಮೀಟರ್ ಲೀನ್ ಅನ್ನುತ್ತದೆ. ನಂಬಿ ಜೆಟ್ ಬದಲಿಸಿದರೆ ಕೆಟ್ಟಿರಿ. ಅದಕ್ಕೆ ಪ್ಲಗ್ಗೇ ಸರಿ, ಹೊಸಂಗಡಿಯವರ ಹತ್ತಿರ ಹೋಗಿ.

ಹೊಸಂಗಡಿ ಗ್ಯಾರೇಜ್ (11.44)

ನೋಡಿ, ಸುತ್ತಿ ಬಳಸಿ ನನ್ನ ಹತ್ತಿರವೇ ಬಂದಿರಿ.

ಉಪ್ಪಳ ಟೂ ಸ್ಟ್ರೋಕ್ (11.46)

ಅಡಿಕೆಗೆ ಮದ್ದು ಬಿಡುವ ಪಂಪ್ ಒಂದು ಉಂಟು, ಹೊಗೆ ಕಾರುತ್ತದೆ. ಅದಕ್ಕೆ?

ಪೆರ್ಲ ಭಾವ (11.47)

ಮಲಗಿ.

ಜಾಲ್ಸೂರು ಜಿಪ್ಸಿ (ಭಾನುವಾರ ಬೆಳಿಗ್ಗೆ 6.50)

ನಾನು ಜಿಪ್ಸಿಗೆ ಸ್ಪೀಡುಯಿನೋ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿ ವೈಡ್‌ಬ್ಯಾಂಡ್‌ನಲ್ಲೇ ಟ್ಯೂನ್ ಮಾಡಿದವನು. ನನ್ನ ಪೆಟ್ಟು ಹೇಳುತ್ತೇನೆ, ನಿಮಗೆ ಉಳಿಯಲಿ.

ಮೊದಲ ಪೆಟ್ಟು ಅರ್ತಿಂಗ್. ಮೀಟರ್‌ನಲ್ಲಿ 13.2, ಲ್ಯಾಪ್‌ಟಾಪ್‌ನಲ್ಲಿ 13.9. ಎರಡು ದಿನ ತಲೆ ಕೆಡಿಸಿಕೊಂಡೆ. ಮೀಟರಿನ ಅರ್ತ್ ಡ್ಯಾಶ್‌ಬೋರ್ಡಿನ ಒಂದು ಬೋಲ್ಟಿಗೆ, ಇಸಿಯು ಅರ್ತ್ ಎಂಜಿನ್ನಿಗೆ. ನಡುವೆ ತುಂಡು ವೋಲ್ಟ್ ವ್ಯತ್ಯಾಸ ಬಂದರೂ 0ರಿಂದ 5 ವೋಲ್ಟ್ ಸಿಗ್ನಲ್‌ನಲ್ಲಿ ಲೆಕ್ಕ ತಪ್ಪುತ್ತದೆ. ಎರಡೂ ಒಂದೇ ಕಡೆ ಹಾಕಿದೆ, ಸರಿಯಾಯಿತು.

ಎರಡನೇ ಪೆಟ್ಟು ಅವಸರ. ಥ್ರಾಟಲ್ ತಿರುಪಿದ ಕೂಡಲೇ ಮೀಟರ್ ನೋಡಿದರೆ ಕಾಣುವುದು ಹಿಂದಿನ ಕಥೆ. ಹೊಗೆ ವಾಲ್ವ್‌ನಿಂದ ಸೆನ್ಸರ್ ತನಕ ಬರಬೇಕು, ಸೆನ್ಸರ್ ಅದನ್ನು ಅರಗಿಸಬೇಕು, ಆಮೇಲೆ ನಂಬರ್. ಒಂದೇ ಥ್ರಾಟಲ್‌ನಲ್ಲಿ ಐದಾರು ಸೆಕೆಂಡ್ ಹಿಡಿದು ಓದಿ. ನಾನು ಆದೂರಿನಿಂದ ಜಾಲ್ಸೂರಿನ ಕಡೆ ಏರು ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಹಿಡಿದು ಓದುತ್ತಿದ್ದೆ. ಹೆಂಡತಿ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಎರಡನೇ ದಿನ ಬರಲಿಲ್ಲ.

ನಿಮ್ಮ ಬೆಂಡ್ ಪೈಪಿನ ಗ್ಯಾಸ್ಕೆಟ್ ನೋಡಿ. ಹೆಡ್ ಹತ್ತಿರ ಮಸಿ ಹಾರಿದ ಗುರುತು ಉಂಟಾ?

ಕೆಎಲ್14 ಹುಡುಗ (7.30)

ಗುರಿ ಎಷ್ಟು ಇಡಬೇಕು ಅಂತ ಯಾರೂ ಹೇಳಲಿಲ್ಲ. 14.7 ಹಳೆ ಪೆಟ್ರೋಲಿಗೆ. ಇ20ಗೆ 13.5 ಅಂತ ಓದಿದ್ದೇನೆ. ಹಾಗಾಗಿ ಮೀಟರ್‌ನಲ್ಲಿ 13.5 ಬರುವ ಹಾಗೆ ಮಾಡಿದರೆ ಸರಿ ಅಲ್ವಾ?

ಅಡೂರು ಅಕ್ಕ (7.52)

ಅಲ್ಲ ತಮ್ಮ. ಇಲ್ಲೇ ಎಲ್ಲರೂ ಜಾರುವುದು.

ಸೆನ್ಸರ್ ಅಳೆಯುವುದು ಲ್ಯಾಂಬ್ಡಾ. 1 ಅಂದರೆ ಬೇಕಾದಷ್ಟೇ ಗಾಳಿ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ. ಮೀಟರ್ ಅದನ್ನು ಸುಮ್ನೆ 14.7ರಿಂದ ಗುಣಿಸಿ ತೋರಿಸುತ್ತದೆ. ಟಾಂಕಿಯಲ್ಲಿ ಶುದ್ಧ ಪೆಟ್ರೋಲ್ ಇದ್ದರೂ ಇ20 ಇದ್ದರೂ ಸರಿಯಾದ ಮಿಶ್ರಣಕ್ಕೆ ಮೀಟರ್ 14.7 ಅಂತಲೇ ಹೇಳುತ್ತದೆ. ಇ20ರಲ್ಲಿ ನಿಜವಾದ ತೂಕದ ಲೆಕ್ಕ 13.5ರ ಹತ್ತಿರ, ಅದು ಸರಿ. ಬರೀ ಎಥೆನಾಲ್‌ಗೆ 9. ಆದರೆ ಆ ಲೆಕ್ಕ ನಿಮ್ಮ ಮೀಟರ್‌ಗೆ ಗೊತ್ತಿಲ್ಲ. ಮೀಟರ್‌ನಲ್ಲಿ 13.5 ಅಂದರೆ ಲ್ಯಾಂಬ್ಡಾ 0.92. ಐಡ್ಲಿಂಗ್‌ಗೆ ಅದು ಪರವಾಗಿಲ್ಲ, ಹೈವೇಯಲ್ಲಿ ಒಂದೇ ಹದದಲ್ಲಿ ಹೋಗುವಾಗ ಸುಮ್ನೆ ಪೆಟ್ರೋಲ್ ದಂಡ.

ಮೀಟರ್ ಸೆಟ್ಟಿಂಗ್‌ನಲ್ಲಿ ಲ್ಯಾಂಬ್ಡಾ ತೋರಿಸುವ ಹಾಗೆ ಬದಲಿಸಿಬಿಡಿ. ಜಗಳವೇ ಇಲ್ಲ.

ಪೆರ್ಲ ಭಾವ (8.05)

ಅಕ್ಕ ಹೇಳಿದ್ದು ನೂರಕ್ಕೆ ನೂರು. ಗಾಳಿಯಲ್ಲಿ ತಣಿಯುವ ಬುಲೆಟ್‌ಗೆ ನನ್ನ ಲೆಕ್ಕ: ಫುಲ್ ಥ್ರಾಟಲ್‌ಗೆ 0.87 ಆಸುಪಾಸು, ಹಳೆ ಲೆಕ್ಕದಲ್ಲಿ 12.8. ಒಂದೇ ಸ್ಪೀಡಿನಲ್ಲಿ ಹೋಗುವಾಗ 0.95ರಿಂದ 1. ಐಡ್ಲಿಂಗ್ 0.9ರಿಂದ 0.95. ಜಾಸ್ತಿ ಮೈಲೇಜ್ ಆಸೆಗೆ ಲೀನ್ ಮಾಡಬೇಡಿ, ನಮ್ಮ ಬೇಸಿಗೆಗೆ ಹೆಡ್ ಬೆಂದು ಹೋಗುತ್ತದೆ.

ಕುಂಬಳೆ ಕಡಲು (8.20)

ಸೆನ್ಸರ್ ಹಾಕುವ ಮೊದಲು ಹೊರಗಿನ ಗಾಳಿಯಲ್ಲಿ ಕ್ಯಾಲಿಬ್ರೇಶನ್ ಮಾಡಿದ್ರಾ? ಮಾಡದಿದ್ದರೆ 17 ಏನು, 20 ಕೂಡ ತೋರಿಸುತ್ತದೆ. ಎಲ್ಲ ವೈಡ್‌ಬ್ಯಾಂಡ್‌ಗೂ ಅದು ಕಡ್ಡಾಯ.

ಜಾಲ್ಸೂರು ಜಿಪ್ಸಿ (8.26)

ಎಲ್ಲದಕ್ಕೂ ಅಲ್ಲ. 4.2 ಸೆನ್ಸರ್ ಇರುವ ಹಳೆ ಕಿಟ್‌ಗಳಿಗೆ ಬೇಕಿತ್ತು. 4.9ರಲ್ಲಿ ಕನೆಕ್ಟರ್ ಒಳಗೆ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ, ಆ ಸೆನ್ಸರಿನ ಲೆಕ್ಕಕ್ಕೆ ಕಾರ್ಖಾನೆಯಲ್ಲೇ ಹೊಂದಿಸಿದ್ದು. ಹೆಚ್ಚಿನ ಕಂಟ್ರೋಲರ್ ಅದನ್ನೇ ಓದುತ್ತವೆ. ಅದಕ್ಕೇ ವೈರ್ ಉದ್ದ ಸಾಲದು ಅಂತ ಕನೆಕ್ಟರ್ ಕತ್ತರಿಸಬಾರದು. ನಮ್ಮಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ನನ್ನ ಕಣ್ಣೆದುರೇ ಕಚಕ್ ಅಂತ ಕತ್ತರಿಸಿ ಟೇಪ್ ಸುತ್ತಿಕೊಟ್ಟಿದ್ದಾನೆ.

ಆದರೂ ಒಮ್ಮೆ ಬಿಚ್ಚಿ ಅಂಗಳದಲ್ಲಿ ಹಿಡಿದು ನೋಡುವುದು ಒಳ್ಳೆಯದು. ಬರೀ ಗಾಳಿಗೆ ಮೀಟರ್ ಅದರ ಲೀನ್ ತುದಿ ತೋರಿಸಬೇಕು. ಪೆಟ್ರೋಲ್ ವಾಸನೆ ಇರುವ ಗ್ಯಾರೇಜ್ ಒಳಗೆ ಅಲ್ಲ, ಹೊರಗೆ.

ನೀರ್ಚಾಲು 350 (11.15)

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆಯಿಂದ ಅದರದ್ದೇ ಕೆಲಸ. ಅಂಗಳದಲ್ಲಿ ಹಿಡಿದೆ, ಮೀಟರ್ ಲೀನ್ ತುದಿಗೆ ಹೋಗಿ ನಿಂತಿತು. ಅಂದರೆ ಸೆನ್ಸರ್ ಬದುಕಿದೆ. ಮುಟ್ಟಿ ನೋಡಲು ಹೋದ ಮಗನಿಗೆ ಬೈದೆ, ನಾನೇ ಕೈ ಸುಟ್ಟುಕೊಂಡೆ.

ಹೆಡ್ ಹತ್ತಿರ ಗ್ಯಾಸ್ಕೆಟ್ ಹೊಸದೇ ಹಾಕಿದೆ. ಸೋಪಿನ ನೀರು ಬಿಟ್ಟು ನೋಡಿದೆ, ಗುಳ್ಳೆ ಇಲ್ಲ. ವೆಲ್ಡ್ ಕೂಡ ಸರಿ ಉಂಟು. ಐಡ್ಲಿಂಗ್ ಅದೇ 17.2. ಲ್ಯಾಂಬ್ಡಾ ಲೆಕ್ಕದಲ್ಲಿ 1.17.

ಹೊಸಂಗಡಿ ಗ್ಯಾರೇಜ್ (11.32)

ನಿಮ್ಮ ಗಾಡಿಯಲ್ಲಿ ಹೆಡ್‌ನಿಂದ ಒಂದು ಸಣ್ಣ ಪೈಪ್ ಹೊರಟು ಕಪ್ಪು ಡಬ್ಬಿಯಂಥದ್ದಕ್ಕೆ ಹೋಗುತ್ತದಲ್ಲ, ಅದು ಉಂಟಾ ಇಲ್ಲ ತೆಗೆಸಿದ್ದೀರಾ?

ನೀರ್ಚಾಲು 350 (11.35)

ಉಂಟು. ಅದು ಎಂತದ್ದು ಅಂತ ಗೊತ್ತಿರಲಿಲ್ಲ, ಮುಟ್ಟಲಿಲ್ಲ.

ಹೊಸಂಗಡಿ ಗ್ಯಾರೇಜ್ (11.50)

ಅದೇ ನಿಮ್ಮ ಮೇಷ್ಟ್ರು ಹೇಳಿದ ಗಾಳಿ. ಎಕ್ಸಾಸ್ಟ್ ಪೋರ್ಟ್‌ಗೆ ಹೊರಗಿನ ಗಾಳಿ ಬಿಡುವ ವಾಲ್ವ್, ಪಿಎವಿ ಅನ್ನುತ್ತೇವೆ. ಉರಿಯದೆ ಉಳಿದ ಪೆಟ್ರೋಲ್ ಪೈಪಿನಲ್ಲಿ ಉರಿದು ಹೊಗೆ ಶುದ್ಧ ಆಗಲಿ ಅಂತ ಕಂಪನಿ ಇಟ್ಟದ್ದು. ಐಡ್ಲಿಂಗ್‌ನಲ್ಲಿ ಜಾಸ್ತಿ ಗಾಳಿ ಎಳೆಯುತ್ತದೆ, ಫುಲ್ ಥ್ರಾಟಲ್‌ನಲ್ಲಿ ಅದರ ಆಟ ನಡೆಯುವುದಿಲ್ಲ. ಅದಕ್ಕೇ ನಿಮಗೆ ಐಡ್ಲಿಂಗ್ 17, ಫುಲ್ ಥ್ರಾಟಲ್ 11.9. ಆ 11.9 ಒಂದೇ ನಿಜ. ದೊಡ್ಡ ಜೆಟ್ ಹಾಕಿ ಪೆಟ್ರೋಲ್ ಚೆಲ್ಲುತ್ತಿದ್ದೀರಿ.

ಕಾರ್ಬುರೇಟರಿನಿಂದ ಎಂಜಿನ್‌ಗೆ ಹೋಗುವ ಮ್ಯಾನಿಫೋಲ್ಡ್‌ನಿಂದ ಆ ಡಬ್ಬಿಗೆ ಒಂದು ತೆಳು ವ್ಯಾಕ್ಯೂಮ್ ಹೋಸ್ ಹೋಗುತ್ತದೆ. ಥ್ರಾಟಲ್ ಬಿಟ್ಟಾಗ ವಾಲ್ವ್ ಮುಚ್ಚುವುದು ಆ ಹೋಸ್‌ನಿಂದ. ಹೋಸ್ ಒಡೆದಿದ್ದರೆ ಮುಚ್ಚುವುದಿಲ್ಲ, ಇಳಿಜಾರಿನಲ್ಲಿ ಬಿಸಿ ಪೈಪಿಗೆ ಗಾಳಿ ನುಗ್ಗಿ ಪಟಾಕಿ. ಮೊದಲು ಆ ಹೋಸ್ ನೋಡಿ, ಆಮೇಲೆ ನಿಮ್ಮ ಹದಿನೆಂಟು ಸಾವಿರ.

ಪೆರ್ಲ ಭಾವ (11.54)

ಅಣ್ಣ, ಇದನ್ನು ನಿನ್ನೆ ರಾತ್ರಿ ಹೇಳಬಾರದಿತ್ತಾ!

ಹೊಸಂಗಡಿ ಗ್ಯಾರೇಜ್ (11.55)

ನಿನ್ನೆ ಯಾರು ಕೇಳಿದ್ದು? ಎಲ್ಲ ಮೀಟರ್ ಮೀಟರ್ ಅಂತಿದ್ದಿರಿ.

ನೀರ್ಚಾಲು 350 (ಸಂಜೆ 5.20)

ಊಟ ಮಾಡಿ ಕೂತವನು ಈಗ ಎದ್ದೆ. ಟಾಂಕಿ ಇಳಿಸಿ ನೋಡಿದರೆ ಆ ತೆಳು ಹೋಸ್‌ನ ತಿರುವಿನಲ್ಲಿ ಅರ್ಧ ಇಂಚು ರಬ್ಬರೇ ಇಲ್ಲ! ಅಂಚಿನಲ್ಲಿ ಸಾಲಾಗಿ ಎರಡೆರಡು ಸಣ್ಣ ಹಲ್ಲಿನ ಗುರುತು. ಇಲಿ. ಗಾಡಿ ನಿಲ್ಲಿಸುವುದು ಅಡಿಕೆ ಗೋಣಿ ಇಡುವ ಕೊಟ್ಟಿಗೆಯಲ್ಲಿ. ಏರ್ ಫಿಲ್ಟರ್ ಡಬ್ಬಿಯ ಮೇಲೆ ಸುಲಿದ ಅಡಿಕೆಯ ಸಿಪ್ಪೆ ಕೂಡ ಇತ್ತು, ಕೂತು ತಿಂದು ಹೋದ ಹಾಗೆ.

ಟೆಸ್ಟ್‌ಗೆ ಹೆಡ್ ಕಡೆಯ ಪೈಪ್ ಮುಚ್ಚಿದೆ, ಮ್ಯಾನಿಫೋಲ್ಡ್ ಕಡೆಯ ತೂತಿಗೂ ಬಿರಡೆ ಹಾಕಿದೆ. ಸ್ಟಾರ್ಟ್ ಮಾಡಿ ಮೀಟರ್ ನೋಡಿದೆ. 17ರಲ್ಲಿ ಇದ್ದದ್ದು ಇಳಿದು ಇಳಿದು 11.8ಕ್ಕೆ ಬಂದು ನಿಂತಿತು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಇಷ್ಟು ದಿನ ನಾನು ಓಡಿಸಿದ್ದು ಇದನ್ನು!

ಬಾಯಾರು ಮೇಷ್ಟ್ರು (5.34)

ಆ ಹೋಸ್‌ನ ತೂತಿನಿಂದ ಇಂಟೇಕ್‌ಗೂ ಗಾಳಿ ಹೋಗುತ್ತಿತ್ತು. ಐಡ್ಲಿಂಗ್ ನಿಜವಾಗಿಯೂ ಸ್ವಲ್ಪ ಲೀನ್ ಇತ್ತು, ಅದರ ಮೇಲೆ ಪೈಪಿನ ಗಾಳಿ ಸೇರಿ ಮೀಟರ್ 17 ಅಂದಿತು. ಎರಡು ತಪ್ಪು ಒಟ್ಟಿಗೆ ಇದ್ದವು, ನೀವು ದೊಡ್ಡ ಜೆಟ್ ಹಾಕಿ ಮೂರನೆಯದ್ದು ಸೇರಿಸಿದಿರಿ.

ಕುಂಬಳೆ ಕಡಲು (5.41)

ಹಾಗಾದರೆ ಇ20 ಪೆಟ್ರೋಲಿನದ್ದು ತಪ್ಪೇ ಇಲ್ಲವಾ? ಎಲ್ಲರೂ ಅದಕ್ಕೇ ಬೈಯುತ್ತಾರೆ.

ಜಾಲ್ಸೂರು ಜಿಪ್ಸಿ (5.58)

ಪೂರ್ತಿ ಇಲ್ಲ ಅಂತಲ್ಲ. ಇ10ರಿಂದ ಇ20ಗೆ ಬಂದರೆ ಅದೇ ಜೆಟ್‌ನಲ್ಲಿ ನೂರಕ್ಕೆ ನಾಲ್ಕೈದು ಲೀನ್ ಆಗುತ್ತದೆ. ಇಂಜೆಕ್ಷನ್ ಗಾಡಿಯಾದರೆ ಸೆನ್ಸರ್ ನೋಡಿ ತಾನೇ ಸರಿ ಮಾಡಿಕೊಳ್ಳುತ್ತದೆ. ಕಾರ್ಬುರೇಟರ್‌ಗೆ ಕಣ್ಣಿಲ್ಲ. ಆದರೆ ನಾಲ್ಕೈದಕ್ಕೆ ಪಟಾಕಿ ಹೊಡೆಯುವುದಿಲ್ಲ, ಮೈನ್ ಜೆಟ್ ಎರಡು ಸೈಜ್ ಮೇಲೆ ಹೋಗುವಷ್ಟೂ ಇಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ಬೇರೆ ಕಥೆ. ಎಥೆನಾಲ್ ನೀರು ಹೀರುತ್ತದೆ.

ಉಪ್ಪಳ ಟೂ ಸ್ಟ್ರೋಕ್ (6.04)

ನಾನು ತಲಪಾಡಿ ಗಡಿಯ ಆಚೆ, ಕರ್ನಾಟಕಕ್ಕೆ ಹೋಗಿ ಪೆಟ್ರೋಲ್ ಹಾಕಿಸುವುದು. ರೇಟು ಕಡಿಮೆ.

ಕುಂಬಳೆ ಕಡಲು (6.06)

ಉಪ್ಪಳದಿಂದ ತಲಪಾಡಿಗೆ ಹೋಗಿ ಬರುವಾಗ ಉಳಿದದ್ದು ಅಲ್ಲೇ ಖರ್ಚು. ಟೂ ಸ್ಟ್ರೋಕ್ ಬೇರೆ.

ಕೆಎಲ್14 ಹುಡುಗ (6.15)

ಲೀನ್, ರಿಚ್ ಅಂತ ಎಷ್ಟು ಸಲ ಬರೆದಿರಿ, ಇದಕ್ಕೆ ಕನ್ನಡ ಇಲ್ಲವಾ?

ಪೆರ್ಲ ಭಾವ (6.18)

ನೀರು ಮಜ್ಜಿಗೆ, ದಪ್ಪ ಮಜ್ಜಿಗೆ.

ಬಾಯಾರು ಮೇಷ್ಟ್ರು (6.25)

ತೆಳು, ದಪ್ಪ ಅಂದರೆ ಸಾಕಲ್ಲ. ಆದರೆ ಗ್ಯಾರೇಜ್‌ನಲ್ಲಿ ಹೋಗಿ ‘ಗಾಡಿ ತೆಳುವಾಗಿದೆ’ ಅಂದರೆ ಮಲಯಾಳದಲ್ಲಿ ಎರಡು ಕೇಳಿಸಿಕೊಂಡು ಬರಬೇಕಾದೀತು.

ಪೆರ್ಲ ಭಾವ (6.40)

ವಿಷಯಕ್ಕೆ ಬನ್ನಿ. ನೀರ್ಚಾಲಿನವರೇ, ಹೊಸ ಹೋಸ್ ಹಾಕಿ. ಟ್ಯೂನಿಂಗ್ ಮುಗಿಯುವ ತನಕ ಹೆಡ್ ಕಡೆ ಮುಚ್ಚಿಯೇ ಇರಲಿ, ಇಲ್ಲದಿದ್ದರೆ ಐಡ್ಲಿಂಗ್ ನಂಬರ್ ನಂಬಲಿಕ್ಕಿಲ್ಲ. ಹಳೆ ಜೆಟ್ ಎರಡೂ ವಾಪಸ್ ಹಾಕಿ. ಮೊದಲು ಫುಲ್ ಥ್ರಾಟಲ್ ನೋಡಿ, ಅದು ಮೈನ್ ಜೆಟ್. ಆಮೇಲೆ ಅರ್ಧ ಥ್ರಾಟಲ್, ಅದು ನೀಡಲ್. ಬೇಕಾದರೆ ನೀಡಲ್ ಕೆಳಗೆ ಒಂದು ತೆಳು ವಾಶರ್ ಇಡಬಹುದು. ಕೊನೆಗೆ ಐಡ್ಲಿಂಗ್, ಸ್ಕ್ರೂ ಕಾಲು ಸುತ್ತು ಕಾಲು ಸುತ್ತು. ಒಮ್ಮೆಗೆ ಒಂದೇ ಬದಲಾವಣೆ. ಟೆಸ್ಟ್ ಮುಗಿದ ಮೇಲೆ ಪಿಎವಿ ವಾಪಸ್ ಜೋಡಿಸಿ, ಬಿಸಾಡಬೇಡಿ. ಹೊಗೆಯ ಲೆಕ್ಕಕ್ಕೆ ಅದು ಬೇಕು.

ಕುಂಬಳೆ ಕಡಲು (6.52)

ಸೆನ್ಸರ್ ಹಾಕಿ ಮೀಟರ್ ಹ್ಯಾಂಡಲ್‌ಗೆ ಕಟ್ಟಿಕೊಂಡು ಹೈವೇಯಲ್ಲಿ ತಿರುಗಬೇಡಿ. ನಮ್ಮ ಎಂವಿಡಿಯವರು (ಮೋಟಾರು ವಾಹನ ಇಲಾಖೆ) ಆಲ್ಟರೇಶನ್ ಅಂತ 5,000 ಬರೆದರೆ ಕಿಟ್ ರೇಟು ಇಪ್ಪತ್ತಮೂರು ಸಾವಿರ ಆಗುತ್ತದೆ. ಮನೆಯಲ್ಲಿ ಆರು ಅಂತ ಹೇಳಿದ್ದೀರಲ್ಲ.

ನೀರ್ಚಾಲು 350 (ಮುಂದಿನ ಭಾನುವಾರ ಮಧ್ಯಾಹ್ನ 12.30)

ಇಷ್ಟು ದಿನ ಮಳೆ. ಇವತ್ತು ಬೆಳಿಗ್ಗೆ ಆರೂವರೆಗೆ ಹೊರಟೆ, ಧರ್ಮತ್ತಡ್ಕದಿಂದ ಪೊಸಡಿಗುಂಪೆ ಗುಡ್ಡದ ಏರು. ರಸ್ತೆ ಖಾಲಿ. ಮೀಟರ್ ಟಾಂಕಿ ಬ್ಯಾಗ್ ಒಳಗೆ.

ಹಳೆ ಜೆಟ್ ಎರಡೂ ವಾಪಸ್ ಹಾಕಿದ್ದೇನೆ. ಫುಲ್ ಥ್ರಾಟಲ್ ಏರಿನಲ್ಲಿ 0.89, ಅಂದರೆ 13.1. ಸ್ವಲ್ಪ ಲೀನ್ ಕಡೆ, ಜಾಲ್ಸೂರಿನವರು ಹೇಳಿದ ಇ20 ಲೆಕ್ಕ ಇದೇ ಇರಬೇಕು. ಮೈನ್ ಜೆಟ್ ಒಂದೇ ಸೈಜ್ ಮೇಲೆ ಹಾಕಿದೆ, 0.86 ಬಂತು. ಅಲ್ಲಿಗೇ ಬಿಟ್ಟೆ. ಐವತ್ತರ ಸ್ಪೀಡಿನಲ್ಲಿ 0.97. ಐಡ್ಲಿಂಗ್ ಸ್ಕ್ರೂ ಅರ್ಧ ಸುತ್ತು ಹೊರಗೆ ತಂದಾಗ 0.93. ನೀಡಲ್ ಮುಟ್ಟಲೇ ಇಲ್ಲ.

ಹೊಸ ಹೋಸ್ ಹಾಕಿ ಪಿಎವಿ ಜೋಡಿಸಿ ಇಳಿದೆ. ಐಡ್ಲಿಂಗ್‌ನಲ್ಲಿ ಮೀಟರ್ ಪುನಃ ಲೀನ್ ಅನ್ನುತ್ತದೆ, ಈಗ ನನಗೆ ನಗು ಬರುತ್ತದೆ. ಇಳಿಜಾರಿನಲ್ಲಿ ಒಂದೇ ಒಂದು ಪಟ್ ಇಲ್ಲ. ಪ್ಲಗ್ ಬಿಚ್ಚಿ ನೋಡಿದೆ, ಬೆಲ್ಲದ ಬಣ್ಣ.

ಹೊಸಂಗಡಿ ಗ್ಯಾರೇಜ್ (12.44)

ಪ್ಲಗ್ ನೋಡಿದಿರಲ್ಲ, ಅಷ್ಟು ಸಾಕು ನನಗೆ.

ಮತ್ತೆ ಒಂದು ಮಾತು. ನನ್ನ ಹತ್ತಿರ ಒಂದು ಹಳೆ 500 ಬಂದಿದೆ, ಇಂಜೆಕ್ಷನ್ನಿನದ್ದು, ಯಾರೋ ಎಂತೆಂತದ್ದೋ ಮಾಡಿ ಇಟ್ಟಿದ್ದಾರೆ. ಪ್ಲಗ್ ಸರಿ ಇದ್ದರೂ ಪಿಕಪ್ ಇಲ್ಲ. ನಿಮ್ಮ ಮೀಟರ್ ಎರಡು ದಿನಕ್ಕೆ ಸಿಗಬಹುದಾ?

ಪೆರ್ಲ ಭಾವ (12.45)

ಅಯ್ಯಯ್ಯೋ! ಹೊಸಂಗಡಿ ಅಣ್ಣ ಮೀಟರ್ ಕೇಳುತ್ತಿದ್ದಾರೆ, ಎಲ್ಲರೂ ನೋಡಿ.

ನೀರ್ಚಾಲು 350 (1.02)

ತೆಗೆದುಕೊಂಡು ಹೋಗಿ ಅಣ್ಣ, ನಾಳೆ ಸೆನ್ಸರ್ ಬಿಚ್ಚಿ ಅಲ್ಲಿಗೆ ಬೋಲ್ಟ್ ಹಾಕುತ್ತೇನೆ. ಸೆನ್ಸರ್ ಕೆಳಗೆ ಬೀಳಿಸಬೇಡಿ, ಸಿಲಿಕಾನ್ ಗ್ಯಾಸ್ಕೆಟ್ ಅಂಟು ಹತ್ತಿರ ತರಬೇಡಿ, ಅದರ ಹೊಗೆಗೂ ಸೆನ್ಸರ್ ಕೆಡುತ್ತದಂತೆ. ಕನೆಕ್ಟರ್ ಕತ್ತರಿಸಿದರೆ ಮಾತ್ರ ನಾನೇ ಹೊಸಂಗಡಿಗೆ ಬರುತ್ತೇನೆ.

ಜಾಲ್ಸೂರು ಜಿಪ್ಸಿ (1.10)

ಕೊಟ್ಟಿಗೆಯ ಇಲಿಗೆ ಎಂತ ಮಾಡಿದಿರಿ? ಹೊಸ ಹೋಸೂ ರಬ್ಬರೇ.

ನೀರ್ಚಾಲು 350 (1.14)

ಬೆಕ್ಕು ತಂದಿದ್ದೇನೆ. ಬುಲೆಟ್ ಸೀಟಿನ ಮೇಲೆಯೇ ಮಲಗುತ್ತದೆ. ಸೀಟಿನಲ್ಲಿ ಈಗ ಉಗುರಿನ ಗೆರೆ.

ಕೆಎಲ್14 ಹುಡುಗ (1.20)

ನೀವು ತೆಗೆದಿಟ್ಟ ಆ ದೊಡ್ಡ ಪೈಲಟ್ ಜೆಟ್ ಸುಮ್ನೆ ಉಂಟಲ್ಲ, ನನ್ನ ದೊಡ್ಡಪ್ಪನ 350ಗೆ ಕೊಡ್ತೀರಾ? ಅದು ಇಳಿಜಾರಿನಲ್ಲಿ ಪಟಾಕಿ ಹೊಡೆಯುತ್ತದೆ.

ಹೊಸಂಗಡಿ ಗ್ಯಾರೇಜ್ (1.21)

ಟಾಂಕಿ ಇಳಿಸಿ ಹೋಸ್ ನೋಡು ಮಾರಾಯ!